ಅಪ್‌ಡೇಟ್: 12 ಮೀಟರ್ ಕಂಬಿಯ ಕತ್ತರಿಕೆ

4.5 ಮೀಟರಿನ 8, 3.5 ಮೀಟರಿನ 8 ಹಾಗೂ 2.4 ಮೀಟರಿನ 10 ತುಂಡುಗಳಿಗೆ 12 ಮೀಟರ್ ಉದ್ದದ ಎಷ್ಟು ಕಬ್ಬಿಣದ ಕಂಬಿ ಬೇಕೆಂದು ಇಲ್ಲಿ ಕೇಳಿದ್ದೆ. ಒಂದೊಂದು ಅಳತೆಯನ್ನು ಪ್ರತ್ಯೇಕವಾಗಿ ಕತ್ತರಿಸುವ ನಮ್ಮ ಮೇಸ್ತ್ರಿಯವರ ರೂಢಿಯಂತೆ 9 ಕಂಬಿಗಳು ಬೇಕಾಗುತ್ತಿದ್ದವು. 3 ಮೀಟರಿನ ನಾಲ್ಕು ತುಂಡುಗಳು ಸುಮ್ಮನೆ ಉಳಿಯುತ್ತಿದ್ದವು. ನೀವು ಸೂಚಿಸಿದಂತೆ ಅಳತೆಗಳನ್ನು ಬೆರೆಸಿ, ನಾಲ್ಕು ಕಂಬಿಗಳಲ್ಲಿ ತಲಾ ಎರಡು 4.5 ಮತ್ತು ಒಂದು 2.4, ಮೂರರಲ್ಲಿ ತಲಾ ಎರಡು 3.5 ಮತ್ತು ಎರಡು 2.4, ಕೊನೆಯದರಲ್ಲಿ ಎರಡು 3.5 ತೆಗೆದಾಗ 8 ಕಂಬಿಗಳೇ ಸಾಕಾದವು. ಕೊನೆಯ ಕಂಬಿಯಲ್ಲಿ 5 ಮೀಟರಿನ ಇಡೀ ತುಂಡು ಉಳಿದಿರುವುದರಿಂದ ನಿಜವಾದ ವ್ಯರ್ಥ 3 ಮೀಟರ್ ಮಾತ್ರ. ಅದರಲ್ಲಿಯೂ 60 ಸೆಂಟಿಮೀಟರಿನ ನಾಲ್ಕು ತುಂಡುಗಳನ್ನು ಮೇಸ್ತ್ರಿಯವರು ಸ್ಲ್ಯಾಬಿನ ಚೇರ್‌ಗಳಿಗೆಂದು (ಮೇಲಿನ ಕಂಬಿಗಳನ್ನು ಎತ್ತಿ ಹಿಡಿಯುವ ಬಾಗಿಸಿದ ಕಂಬಿಯ ಆಧಾರಗಳು) ಎತ್ತಿಟ್ಟಿದ್ದಾರೆ. ಕಾಗದದಲ್ಲಿ ಲೆಕ್ಕ ಹಾಕಲು ಅರ್ಧ ಗಂಟೆ ಹಿಡಿಯಿತು. ಉಳಿತಾಯವಾದದ್ದು ಒಂದು ಕಂಬಿ, ಅಂದರೆ 12 ಎಂಎಂ ದಪ್ಪದ ಕಂಬಿಯ ಸುಮಾರು 10.7 ಕಿಲೋ.