ಪದಚರ್ಚೆ: ಭಾರ ಹೊರುವ ತಿಳಿ ಅಂಟಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯಲ್ಲಿ ಗಾಜಿನ ಕೆಲಸ ಕಲಿಯುವ ಹುಡುಗರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಟ್ರಾನ್ಸ್‌ಪರೆಂಟ್ ಸ್ಟ್ರಕ್ಚರಲ್ ಅಡ್ಹೆಸಿವ್’ ಎಂಬಲ್ಲಿ ಬರವಣಿಗೆ ನಿಂತಿದೆ. ಬೋಲ್ಟು, ಚೌಕಟ್ಟು ಇಲ್ಲದೆ ಗಾಜಿಗೆ ಗಾಜನ್ನು ಕೂಡಿಸುವ, ಕಣ್ಣಿಗೆ ಕಾಣದ ಅಂಟು ಇದು. ಆಂಸ್ಟರ್‌ಡ್ಯಾಮ್‌ನಲ್ಲಿ 2016ರಲ್ಲಿ ಮುಗಿದ ಕ್ರಿಸ್ಟಲ್ ಹೌಸಸ್ ಕಟ್ಟಡದ ಮುಂಗೋಡೆಯ ಗಾಜಿನ ಇಟ್ಟಿಗೆಗಳು ಹೀಗೇ ನಿಂತಿವೆ. ಅಲ್ಲಿ ಗಾರೆ ಇಲ್ಲ, ಕಾಲು ಮಿಲಿಮೀಟರಿನಷ್ಟು ತೆಳುವಾದ ಅಂಟು ಅಷ್ಟೇ.

‘ಪಾರದರ್ಶಕ ರಾಚನಿಕ ಅಂಟು’ ಎಂದು ಬರೆದು ಮುಗಿಸಬಹುದು. ಆದರೆ ‘ಪಾರದರ್ಶಕ’ ಎಂದರೆ ಜನಕ್ಕೆ ನೆನಪಾಗುವುದು ಟೆಂಡರ್ ಕಾಯ್ದೆ, ಗಾಜಲ್ಲ! ‘ರಾಚನಿಕ’ ಅಂತೂ ಬೇಡವೇ ಬೇಡ. ‘ತಿಳಿ ಅಂಟು’ ಚೆನ್ನಾಗಿದೆ. ತಿಳಿನೀರು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಭಾರ ಹೊರುವ ಮಾತು ಮಾತ್ರ ಅದರಲ್ಲಿ ಬರಲಿಲ್ಲ, ಮುಖ್ಯವಾದದ್ದು ಅದೇ ಅಲ್ವಾ?

ಕೆಲಸದ ಜಾಗದಲ್ಲಿ ಎಲ್ಲದಕ್ಕೂ ‘ಸಿಲಿಕಾನ್ ಹೊಡಿ’ ಅನ್ನುತ್ತಾರೆ. ಬಚ್ಚಲಿನ ಸಂದು ಮುಚ್ಚುವುದೂ ಸಿಲಿಕಾನ್, ಕಟ್ಟಡದ ಗಾಜನ್ನು ಹಿಡಿದಿಡುವುದೂ ಸಿಲಿಕಾನ್. ಮೊದಲನೆಯದು ನೀರು ತಡೆದರೆ ಸಾಕು. ಎರಡನೆಯದು ಗಾಳಿಯ ಒತ್ತಡ ತಾಳಬೇಕು. ಹೆಸರು ಒಂದೇ ಆದರೆ ಟ್ಯೂಬ್ ಅದಲುಬದಲಾದೀತು. ಅದಕ್ಕೇ ಒಂದಕ್ಕೆ ‘ಸಂದುಮೇಣ’, ಇನ್ನೊಂದಕ್ಕೆ ‘ಹೊರೆಯಂಟು’ ಎಂದು ಸದ್ಯಕ್ಕೆ ಬರೆದಿದ್ದೇನೆ. ‘ತಿಳಿ ಹೊರೆಯಂಟು’ ಕಿವಿಗೆ ಒಗ್ಗುತ್ತದೆಯೇ? ಮೇಣ ಎಂದರೆ ಮೇಣದಬತ್ತಿ ಮಾತ್ರ ಎನ್ನುವವರೂ ಇದ್ದಾರೆ, ಹಲಸಿನ ಹಣ್ಣು ಬಿಡಿಸಿದವರು ಒಪ್ಪಲಿಕ್ಕಿಲ್ಲ.

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು, ಹಚ್ಚಿದ ಅಂಟು ಗಟ್ಟಿಯಾಗುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಕ್ಯೂರ್’. ‘ಒಣಗುವುದು’ ಎಂದರೆ ತಪ್ಪಾಗುತ್ತದೆ. ಆ ಗಾಜಿನ ಇಟ್ಟಿಗೆಗಳ ಅಂಟಿನಿಂದ ನೀರು ಆರಿಹೋಗುವುದಿಲ್ಲ. ಅತಿನೇರಳೆ ಬೆಳಕು ಬಿದ್ದಾಗ ಒಳಗಿನ ಸಣ್ಣ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ‘ಒಣಗಲಿ’ ಎಂದು ಓದಿದ ಹುಡುಗ ಸುಮ್ನೆ ಫ್ಯಾನ್ ಹಾಕಿ ಕೂರುತ್ತಾನೆ. ಬಿಸಿಲಲ್ಲೂ ಅತಿನೇರಳೆ ಇರುವುದರಿಂದ, ನಮ್ಮೂರಲ್ಲಿ ಬಯಲಲ್ಲೇ ಅಂಟು ಹಚ್ಚಿದರೆ ಗಾಜು ಸರಿಯಾಗಿ ಕೂರಿಸುವ ಮೊದಲೇ ಹಿಡಿದುಕೊಂಡೀತು. ‘ಕ್ಯೂರಿಂಗ್’ ಎಂದೇ ಇಟ್ಟರೆ ಗಾರೆ ಕೆಲಸ ಬಲ್ಲವರು ನೀರು ಹಾಕಲು ಹೊರಟಾರು! ಕಾಯಿ ಬಲಿತಂತೆ ಅಂಟು ‘ಬಲಿಯುವುದು’ ಎನ್ನಬಹುದೇ? ಅಥವಾ ಸಿಮೆಂಟಿಗೆ ಹೇಳುವ ‘ಸೆಟ್ ಆಗುವುದು’ ಸಾಕೇ?

ರಾಯಚೂರು, ಕೊಪ್ಪಳದ ಕಡೆ ಗಾಜಿನ ಕೆಲಸದವರ ಬಾಯಲ್ಲಿ ಬೇರೆ ಪದ ಕೇಳಿದ್ದರೆ ದಯವಿಟ್ಟು ತಿಳಿಸಿ. ಸಿಕ್ಕರೆ ನಾನು ಕಟ್ಟಿದ್ದನ್ನು ಕೈಬಿಟ್ಟು ಅದನ್ನೇ ಹಾಕುತ್ತೇನೆ.