ಒಂದೇ ಕೋಣೆಯ ಶಾಲೆಯ ಚರಿತ್ರೆ ಎಲ್ಲಿ ಹುಡುಕಲಿ?

ಪೆರ್ಲದ ಮೊಮ್ಮಗ:
ನಮ್ಮ ಅಜ್ಜ ಕಲಿತದ್ದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದೇ ಕೋಣೆಯ ಕನ್ನಡ ಶಾಲೆಯಲ್ಲಿ. ಮುಳಿಹುಲ್ಲಿನ ಮಾಡು, ಸೆಗಣಿ ಸಾರಿಸಿದ ನೆಲ, ನಾಲ್ಕು ಕ್ಲಾಸಿಗೂ ಒಬ್ಬರೇ ಮಾಸ್ಟ್ರು. ಈಗ ಕಟ್ಟಡದ ಪಂಚಾಂಗ, ಅಂದರೆ ಅಡಿಪಾಯ ಮಾತ್ರ ಉಳಿದಿದೆ. ಅದರ ಚರಿತ್ರೆ ಬರೆಯಬೇಕೆಂದು ತುಂಬಾ ಆಸೆ. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಮಾಸ್ಟ್ರು, ಬದಿಯಡ್ಕ:
ಒಳ್ಳೆ ಕೆಲಸ ಮಗಾ, ಬಿಡಬೇಡ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅದಕ್ಕೂ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಆಡಳಿತ ಮದರಾಸಿನದ್ದು. ಹಾಗಾಗಿ ತಿರುವನಂತಪುರದಲ್ಲಿ ಮಾತ್ರ ಹುಡುಕಿದರೆ ಸಾಲದು. ಮಂಗಳೂರಿನಲ್ಲೂ ಚೆನ್ನೈ ಎಗ್ಮೋರಿನ ಸರಕಾರಿ ಪತ್ರಾಗಾರದಲ್ಲೂ ವಿಚಾರಿಸು. ಶಾಲೆ ಬೋರ್ಡಿನದ್ದಾ (ಆಗಿನ ಸ್ಥಳೀಯ ಆಡಳಿತ ಮಂಡಳಿ), ಖಾಸಗಿ ಮ್ಯಾನೇಜರರದ್ದಾ ಅಂತ ಮೊದಲು ತಿಳಿದುಕೋ. ಖಾಸಗಿಯಾದರೆ ಆ ಮನೆಯವರ ಪೆಟ್ಟಿಗೆಯಲ್ಲೇ ಕಾಗದ ಸಿಗಬಹುದು. ಆ ಶಾಲೆಯನ್ನು ಬೇರೆ ಶಾಲೆಗೆ ಸೇರಿಸಿದ್ದರೆ ಹಳೇ ದಾಖಲಾತಿ ಪುಸ್ತಕ ಅಲ್ಲಿರಬಹುದು. ಗೆದ್ದಲು ಮುಟ್ಟುವ ಮೊದಲು ಫೋಟೋ ತೆಗೆದಿಡು.

ಸೀತಾಂಗೋಳಿಯ ಅಕ್ಕ:
ಕಾಗದಕ್ಕಿಂತ ಮೊದಲು ಅಜ್ಜಿಯಂದಿರನ್ನು ಕೇಳು ತಮ್ಮಾ. ನನ್ನಮ್ಮ ಅಂಥದ್ದೇ ಶಾಲೆಯಲ್ಲಿ ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿದವರು. ದೊಡ್ಡ ಮಕ್ಕಳೇ ಸಣ್ಣವರಿಗೆ ಮಗ್ಗಿ ಹೇಳಿಕೊಡುತ್ತಿದ್ದರಂತೆ. ಮನೆಯಲ್ಲಿ ತುಳು, ಮರಾಟಿ, ಮಲಯಾಳ ಆಡುವ ಮಕ್ಕಳೆಲ್ಲ ಒಂದೇ ಚಾಪೆಯಲ್ಲಿ ಕನ್ನಡ ಕಲಿತರು. ಇದು ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ ಅಲ್ವಾ? ಬೇಗ ಹೋಗಿ ರೆಕಾರ್ಡ್ ಮಾಡು.