ಪದಚರ್ಚೆ: ಕಾರಿನ ಒಳಗೆ ಅಂಟಿಸುವ ಹಾಳೆಗಳಿಗೆ ‘ಶಾಖನಿರೋಧಕ’ ಸಾಕೇ?

ಬದಿಯಡ್ಕದಿಂದ:
ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರಿನ ಒಳಮೈಗೆ ಬಿಸಿ, ಸದ್ದು ತಡೆಯುವ ಹಾಳೆ ಹಾಕುವ ಕ್ರಮವನ್ನು ನಮ್ಮ ಕಾಸರಗೋಡು ಜಿಲ್ಲೆಯ ವರ್ಕ್‌ಶಾಪಿನ ಬೋರ್ಡಿಗೆ ಬರೆಸಬೇಕು. ಮಲಯಾಳದ್ದು ಆಗಿದೆ, ಕನ್ನಡದ್ದು ನಾಳೆ ಸಂಜೆಯೊಳಗೆ ಬೇಕು. ತಗಡಿಗೆ ನೇರ ಅಂಟುವ 2 ಮಿ.ಮೀ. ಬ್ಯುಟೈಲ್ (ಕೃತಕ ರಬ್ಬರಿನ ಹಾಳೆ), ಅದರ ಮೇಲೆ 6 ಮಿ.ಮೀ. ಫೋಮ್, ಕೊನೆಗೆ ಚದರ ಮೀಟರಿಗೆ ಸುಮಾರು 5 ಕಿಲೋ ತೂಗುವ ವಿನೈಲ್. ಮೂರಕ್ಕೂ ‘ಶಾಖನಿರೋಧಕ’ ಅಂದರೆ ಆದೀತೇ?

ಕುಂಬಳೆಯಿಂದ:
ಆಗದು. ಬ್ಯುಟೈಲಿನ ಕೆಲಸ ತಗಡಿನ ಅದುರು ಅಡಗಿಸುವುದು. ಬಾಗಿಲಿನ ತಗಡಿಗೆ ಬೆರಳಲ್ಲಿ ಬಡಿದರೆ ‘ಠಣ್’ ಅನ್ನುತ್ತಿದ್ದದ್ದು ‘ದಬ್’ ಅನ್ನಬೇಕು. ಹೆಸರು ಒಂದೇ ಆದರೆ ಹುಡುಗರು ಫೋಮನ್ನೇ ತಗಡಿಗೆ ಅಂಟಿಸುತ್ತಾರೆ, ಅದುರು ಹಾಗೇ ಉಳಿಯುತ್ತದೆ. ಬ್ಯುಟೈಲಿಗೆ ಅದುರುತಡೆ, ಫೋಮಿಗೆ ಕಾವುತಡೆ, ವಿನೈಲಿಗೆ ಸದ್ದುತಡೆ ಎಂದು ಬರೆಸಿ. ‘ಕಾವು’ ಬಂದದ್ದು ‘ಕಾಯು’ ಎಂಬುದರಿಂದ; ಕಾಯುವುದೆಂದರೆ ಬಿಸಿಯಾಗುವುದು, ಕಾಪಾಡುವುದೂ ಹೌದು, ಬೇರು ಒಂದೇ.

ಮಂಜೇಶ್ವರದಿಂದ:
ಬೇರು ಒಂದೇ ಅಲ್ಲ. ತಮಿಳಿನಲ್ಲಿ ‘ಕಾಪಾಡಿದನು’ ಎನ್ನಲು ಕಾತ್ತಾನ್, ‘ಬಿಸಿಯಾದನು’ ಎನ್ನಲು ಕಾಯ್ಂದಾನ್. ಕನ್ನಡದಲ್ಲಿ ಎರಡೂ ‘ಕಾದ’ ಆದದ್ದರಿಂದ ಈ ಭ್ರಮೆ. ಅದಲ್ಲದೆ ನಮ್ಮ ಜಿಲ್ಲೆಯಲ್ಲಿ ‘ಕಾವು’ ಎಂದರೆ ದೇವರ ಬನ. ‘ಕಂಪನಶಾಮಕ’, ‘ಉಷ್ಣನಿರೋಧಕ’ ಶುದ್ಧವಾಗಿವೆ, ಅರ್ಥವೂ ಖಚಿತ.

ಕುಂಬಳೆಯಿಂದ:
ಕಾವಿನ ಮಾತು ಒಪ್ಪಿದೆ, ‘ಬಿಸಿತಡೆ’ ಆಗಲಿ. ಆದರೆ ಮಾಷ್ಟ್ರೇ, ಸ್ಪ್ಯಾನರ್ ಹಿಡಿದವನಿಗೆ ಶಾಮಕ ಯಾಕೆ? ಇಲ್ಲಿ ಒಂದು ಕಡೆ ಮಲಯಾಳದ ಒತ್ತಡ, ಇನ್ನೊಂದು ಕಡೆ ಸಂಸ್ಕೃತದ ಭಾರ. ನಡುವೆ ನಮ್ಮದೇ ‘ಅದುರು’ ಸಾಯಬೇಕೇ?

ಮಂಜೇಶ್ವರದಿಂದ:
ಬ್ಯುಟೈಲ್, ವಿನೈಲ್ ನಿಮ್ಮ ಅಜ್ಜನ ಕಾಲದ ಮಾತುಗಳೇ? ಇಂಗ್ಲಿಷಿಗೆ ಬಾಗಿಲು ತೆರೆದು ಸಂಸ್ಕೃತಕ್ಕೆ ಮಾತ್ರ ಚಿಲಕ ಹಾಕುವುದು ತತ್ವವಲ್ಲ.

ಉಪ್ಪಳದಿಂದ:
ಬ್ಯುಟೈಲಿಗೆ ‘ರಬ್ಬರ್ ಶೀಟ್’ ಎಂದು ಮಾತ್ರ ಬರೆಸಬೇಡಿ, ಇಲ್ಲಿ ಅದು ರಬ್ಬರ್ ಮರದ ಹಾಲಿನಿಂದ ಮಾಡಿ ಒಣಗಿಸುವ ಶೀಟು. ಬೋರ್ಡಿಗೆ ಇಷ್ಟು ಸೇರಿಸಿ: ತುಕ್ಕು ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎಣ್ಣೆ ಒರೆಸಿ, ಹಾಳೆಯ ಮೇಲಿನ ಉಬ್ಬು ಅಚ್ಚು ಮಾಸುವವರೆಗೆ ರೋಲರ್ ಒತ್ತಬೇಕು. ಒಳಗೆ ಗಾಳಿ ಉಳಿದರೆ ಹಾಳೆ ಎದ್ದುಬರುತ್ತದೆ. ಬಾಗಿಲಿನಲ್ಲಿ ತಗಡಿನ ಮೂರರಲ್ಲೊಂದು ಭಾಗಕ್ಕೆ ಹಾಕಿದರೆ ಸಾಕು. ಇಡೀ ಮುಚ್ಚಿದರೆ ತೂಕವೇ ಹೆಚ್ಚು. ಅಗ್ಗದ ಡಾಂಬರು ಹಾಳೆ ಬೇಡ, ಬೇಸಿಗೆಯಲ್ಲಿ ಕರಗಿ ಜಾರುತ್ತದೆ, ನಾರುತ್ತದೆ. ಫೋಮ್ ನೀರು ಹೀರದ್ದೇ ಬೇಕು. ಗೋಣಿಯ ಫೆಲ್ಟ್ ಮಳೆಗಾಲದಲ್ಲಿ ನೆನೆದರೆ ಒಣಗುವುದಿಲ್ಲ, ಅಡಿಯ ತಗಡು ತುಕ್ಕು ಹಿಡಿಯುತ್ತದೆ. ಗೇರ್‌ಬಾಕ್ಸ್ ಟನಲ್‌ಗೆ (ಗೇರ್‌ಬಾಕ್ಸಿನ ಮೇಲೆ ಉಬ್ಬಿರುವ ತಗಡಿಗೆ) ಮತ್ತು ಎಂಜಿನ್ ಕಡೆಯ ಗೋಡೆಗೆ ಬಿಸಿತಡೆ ಎಲ್ಲೂ ಬಿಡದೆ ಹಾಕಬೇಕು.

ಬದಿಯಡ್ಕದಿಂದ:
ಅದುರುತಡೆ, ಬಿಸಿತಡೆ, ಸದ್ದುತಡೆ ಎಂದೇ ಬರೆಸುತ್ತೇನೆ. ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಬಿಟ್ಟ ತೂತಿನ ಮೇಲೆ ಹಾಳೆ ಬರಬಾರದು, ಅದನ್ನೂ ಬರೆಸಬೇಕು. ಅದಕ್ಕೆ ‘ನೀರಿಳಿಯುವ ತೂತು’ ಅಂದರೆ ಯಾರಿಗಾದರೂ ತಕರಾರಿದೆಯೇ?